ಇಪ್ಪತ್ತು ಯೂರೋ ಜಾಸ್ತಿ

ಹಸಿರು ಬಣ್ಣ ಹಚ್ಚಿದ ಉಗುರು, ಅದು ಐದು ಅನ್ನುವ ಅಂಕಿಯ ಮೇಲೆ ಬಂದು ನಿಂತಿದೆ, ಮನೆ ಸಾಲದ ಬಡ್ಡಿ ಇನ್ನು ಐದು ಪರ್ಸೆಂಟ್ ರೀಕಿಯವರೇ, ಹತ್ತು ವರ್ಷಕ್ಕೆ ಅಂತ ಗೊತ್ತುಮಾಡಿದ್ದ ಎರಡು ಪರ್ಸೆಂಟ್ ಈ ತಿಂಗಳಿಗೆ ಮುಗೀತು, ಅನ್ನುತ್ತಾಳೆ ಬ್ಯಾಂಕಿನ ಹುಡುಗಿ, ಮೆತ್ತಗೆ, ಹಾಸಿಗೆ ಹಿಡಿದವರ ಹತ್ತಿರ ಮಾತಾಡುವ ಹಾಗೆ — ನಾನೇನು ಹಾಸಿಗೆ ಹಿಡಿದಿಲ್ಲ, ಮೂವತ್ತು ವರ್ಷ ಈ ಡೋರ್ಡ್ರೆಕ್ಟ್ ಊರಿನ ಸಂತೆಯಲ್ಲಿ ಮೀನು ಕೊಯ್ದವಳು, ಎರಡು ಲಕ್ಷ ನಲವತ್ತು ಸಾವಿರಕ್ಕೆ ಐದರಂತೆ ತಿಂಗಳಿಗೆ ಸಾವಿರ ಯೂರೋ ಎಂದು ಅವಳ ಯಂತ್ರಕ್ಕಿಂತ ಮೊದಲು ನನಗೆ ಹೊಳೆದಿದೆ, ಈವರೆಗೆ ನಾನೂರು, ಇನ್ನು ಸಾವಿರ, ಬರೀ ಬಡ್ಡಿ, ಅಸಲು ಮಾತ್ರ ಕಲ್ಲುಗುಂಡಿನ ಹಾಗೆ ಕೂತಲ್ಲೇ ಕೂತಿದೆ. ಪಕ್ಕದಲ್ಲಿ ಅಳಿಯ ವೌಟರ್ ಕಾಲು ಕುಣಿಸುತ್ತಿದ್ದಾನೆ, ನೋಡಿ ಅತ್ತೆ, ಬಡ್ಡಿಯ ಎರಡರಷ್ಟು ಬಾಡಿಗೆ ತೋರಿಸಿದ್ರೆ ಮಾತ್ರ ಸಾಲ ಮುಂದುವರಿಯುತ್ತೆ, ನಿಮಗೆ ಬರೋದು ಸಾವಿರದ ನೂರಿಪ್ಪತ್ತು, ಆ ಕೋಬಸ್‌ನ ಎಬ್ಬಿಸಿ, ಖಾಲಿ ಮನೆಗೆ ಬೆಲೆನೇ ಬೇರೆ, ಕೊಳ್ಳೋರನ್ನ ನಾನು ನೋಡಿಟ್ಟಿದೀನಿ — ನೋಡಿಟ್ಟಿದ್ದಾನಂತೆ, ನನ್ನ ಮನೆಗೆ ಇವನು ಗಿರಾಕಿ ನೋಡಿಟ್ಟಿದ್ದಾನೆ, ಎಬ್ಬಿಸಿ ಅನ್ನುತ್ತಾನೆ, ಕುರ್ಚಿಯ ಮೇಲಿನ ಬೆಕ್ಕನ್ನು ಎಬ್ಬಿಸುವ ಹಾಗೆ, ಕೋಬಸ್‌ಗೆ ಎಪ್ಪತ್ತೊಂಬತ್ತು, ಮೊದಲನೇ ಮಹಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದಾನೆ, ಬಾಡಿಗೆ ನಾನೂರಿಪ್ಪತ್ತು ಕೊಡುತ್ತಾನೆ, ಒಂದು ತಿಂಗಳೂ ತಪ್ಪಿಸಿಲ್ಲ, ಎರಡನೇ ಮಹಡಿಯ ವಿದ್ಯಾರ್ಥಿನಿಯರು ಏಳುನೂರು ಕೊಡಬೇಕು, ಮೂರು ಸಲ ತಪ್ಪಿಸಿದ್ದಾರೆ. ನನ್ನ ಗಂಡ ಲೇಂಡರ್ಟ್ ಮೆಟ್ಟಿಲ ಮೇಲೆ ಕುಸಿದ ದಿನ ಆಂಬುಲೆನ್ಸ್ ಬರುವ ತನಕ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ಈ ಕೋಬಸ್, ಬೈಯುತ್ತಿದ್ದ, ಲೇ ಲೇಂಡರ್ಟ್, ನಿನ್ನೆ ಇಸ್ಪೀಟಿನಲ್ಲಿ ಸೋತಿದ್ದಕ್ಕೆ ಹೀಗೆ ನಾಟಕ ಆಡ್ತೀಯೇನೋ, ಕಣ್ಣು ಮುಚ್ಚಬೇಡ ಕಳ್ಳ — ಲೇಂಡರ್ಟ್ ನಕ್ಕ, ಅದು ಅವನ ಕೊನೆಯ ನಗು, ಅದಕ್ಕೆ ಮಾರುಕಟ್ಟೆಯಲ್ಲಿ ಎಷ್ಟಪ್ಪಾ ವೌಟರ್? ಆದರೆ ಕರುಣೆಯ ಮಾತು ಇಲ್ಲಿ ನಡೆಯುವುದಿಲ್ಲ, ಲೆಕ್ಕವೇ ಬೇಕಾದರೆ ಲೆಕ್ಕವೇ ಕೊಡುತ್ತೇನೆ, ಬರ್ಕೋಮ್ಮಾ, ಕೆಳಗಿನ ಮನೆ, ಸೈಕಲ್ ರಿಪೇರಿಯವನಿಗೆ ಬಾಡಿಗೆಗೆ, ಒಂಬೈನೂರು, ಕರಾರು ಪತ್ರ ಇದೋ. ಹಸಿರು ಉಗುರು ನಿಂತುಬಿಟ್ಟಿತು, ಕೆಳಗಿನ ಮನೇಲಿ ನೀವಿದೀರಲ್ಲ? ಇದ್ದೆ, ಇನ್ನು ಅಟ್ಟದಲ್ಲಿರ್ತೀನಿ. ವೌಟರ್ ಕಾಲು ಕುಣಿಸುವುದನ್ನು ಬಿಟ್ಟ, ಅತ್ತೆ, ನಲವತ್ತೇಳು ಮೆಟ್ಟಿಲು, ನಿಮ್ಮ ಮಂಡಿ! ಮಂಡಿ ನಂದು, ಮನೆ ನಂದು, ನೀನ್ಯಾಕೆ ಏದುಸಿರು ಬಿಡ್ತೀಯ? ಹಾಗಾದ್ರೆ ಅತ್ತೆ, ಛಾವಣಿ ರಿಪೇರಿಗೆ ಅಂತ ಇಟ್ಟಿರೋ ದುಡ್ಡನ್ನಾದ್ರೂ ಅಸಲಿಗೆ ಕಟ್ಟಿ — ಕಟ್ಟಲ್ಲ, ಇನ್ನು ಆ ಛಾವಣಿ ಸೋರಿದರೆ ಮೊದಲು ನೆನೆಯುವುದು ನನ್ನ ತಲೆಯೇ. ಹುಡುಗಿ ಕೂಡಿಸುತ್ತಾಳೆ, ನಾನೂರಿಪ್ಪತ್ತು, ಏಳುನೂರು, ಒಂಬೈನೂರು, ಎರಡು ಸಾವಿರದ ಇಪ್ಪತ್ತು, ಬೇಕಾದ್ದು ಎರಡು ಸಾವಿರ, ಇಪ್ಪತ್ತು ಯೂರೋ ಜಾಸ್ತಿ, ಅವಳ ತುಟಿಯಂಚಿನಲ್ಲಿ ನಗು, ಆಗುತ್ತೆ ರೀಕಿಯವರೇ, ಇಲ್ಲಿ ಸಹಿ ಮಾಡಿ, ಮಾಡುತ್ತೇನೆ, ದೊಡ್ಡದಾಗಿ, ಹೆಸರಿನ ಬಾಲ ಗೆರೆ ದಾಟಿದರೆ ದಾಟಲಿ. ವೌಟರ್‌ಗೆ ಒಂದು ಕೊನೆಯ ಬಾಣ ಉಳಿದಿದೆ, ಆ ಮೆಟ್ಟಿಲಲ್ಲಿ ನಿಮ್ಮ ಮಂಚ ಹತ್ತಲ್ಲ ಅತ್ತೆ, ಅಷ್ಟು ಇಕ್ಕಟ್ಟು — ಅದು ನಿಜ, ಹತ್ತುವುದಿಲ್ಲ, ಅಟ್ಟದಿಂದ ಬೀದಿಗೆ ಚಾಚಿದ ತೊಲೆಯಲ್ಲಿ ಕಬ್ಬಿಣದ ಕೊಕ್ಕೆ ಇದೆ, ಹಗ್ಗ ಹಾಕಿ ಹೊರಗಿನಿಂದ ಎಳೆಯಬೇಕು, ಶನಿವಾರ ಎಳೆಯುತ್ತಾರೆ, ಬೀದಿಯೆಲ್ಲ ಕತ್ತೆತ್ತಿ ನೋಡಲಿ, ಮಂಚ ಕೋಬಸ್‌ನ ಕಿಟಕಿ ದಾಟುತ್ತದೆ, ಹುಡುಗಿಯರ ಕಿಟಕಿ ದಾಟುತ್ತದೆ, ಗಾಳಿಗೆ ಒಮ್ಮೆ ತಿರುಗುತ್ತದೆ, ನಲವತ್ತು ವರ್ಷ ಇಬ್ಬರು ಮಲಗಿದ್ದ ಮಂಚ, ಇನ್ನೂ ಮೇಲೆ, ಎಳೀರಿ, ನಿಲ್ಲಿಸಬೇಡಿ — ನನ್ನ ಕಣ್ಣಲ್ಲಿ ಅದು ಅಲ್ಲೇ ನಿಂತಿದೆ, ಮನೆ ಮುಂದಿನ ಕಾಲುವೆಯ ಕಡೆಗೆ ವಾಲಿಕೊಂಡು, ಹಗ್ಗದಲ್ಲಿ, ನಾಲ್ಕು ಕಾಲೂ ಗಾಳಿಯಲ್ಲಿ, ಮಂಚ