ಇಲಿ ಬಾಣಂತಿಯರ ಕೋಣೆ

"ಎದೆ ಸೋರಿಸ್ಕೊಂಡು ಒಳಗೆ ಬರ್ತೀಯಲ್ಲೇ ದರಿದ್ರ ಮುಂಡೆ, ನಿನ್ನ ಹಾಲಿನ ವಾಸನೆಗೆ ಇಲಿಗಳು ಬೆದರಿದ್ರೆ ಯಾರು ಹೊಣೆ?"

ಪ್ರಯೋಗಶಾಲೆಯ ಸಾಹೇಬರು ಎಲ್ಲರೆದುರಿಗೇ ಹಾಗಂದಾಗ ಇಲಿಗೂಡು ತೊಳೆಯುವವಳು ಒದ್ದೆಯಾದ ನಿಲುವಂಗಿಗೆ ಕೈ ಅಡ್ಡ ಹಿಡಿದಳು. ಹೆತ್ತು ಇನ್ನೂ ತಿಂಗಳು ತುಂಬಿರಲಿಲ್ಲ. ಕೂತು ಉಣ್ಣುವ ಭಾಗ್ಯ ಅವಳಿಗೆಲ್ಲಿಂದ ಬರಬೇಕು?

ಹೆತ್ತ ಇಲಿಗಳಿಗೆ ನಡೆಯುವ ಉಪಚಾರ ನೋಡಿದರೆ ಯಾರಿಗಾದರೂ ಹೊಟ್ಟೆ ಉರಿಯಬೇಕು. ಮೆತ್ತನೆಯ ಹತ್ತಿ, ಹದವಾದ ಬಿಸುಪು, ಎರಡು ಪಾಲು ಮೇವು. ಅಲ್ಲಿ ಯಾರೂ ಕೆಮ್ಮುವಂತಿಲ್ಲ. ಗದ್ದಲಕ್ಕೆ ಹೆದರಿದರೆ ತಾಯಿ ತನ್ನ ಮರಿಯನ್ನೇ ತಿಂದುಬಿಡುತ್ತದೆ. ಹೊರಗಿನ ರೋಗ ತಾಗಬಾರದೆಂದು ಒಳಗೆ ಹೋಗುವವರು ಪ್ರತಿ ಸಲವೂ ತಲೆಗೆ ನೀರು ಹಾಕಿಕೊಳ್ಳಬೇಕು. ಮರಿಗಳು ಕಣ್ಣು ಬಿಟ್ಟ ಮೇಲೆ ಸೂಜಿ ಚುಚ್ಚಿ ಸಾಯಿಸುವುದು ಬೇರೆ ಮಾತು.

ಗೇಟಿನಾಚೆ ಬಿಸಿಲಲ್ಲಿ ಅವಳ ಅತ್ತೆ ಕೂಸನ್ನೆತ್ತಿಕೊಂಡು ನಿಂತಿದ್ದಳು. ಒಂದು ಗಳಿಗೆ ಹೋಗಿ ಹಾಲೂಡಿಸಿ ಬರುತ್ತೇನೆಂದು ಇವಳು ಅಂಗಲಾಚಿದಳು. ಹೋಗಿ ಬಂದರೆ ಮತ್ತೆ ಸ್ನಾನ, ಮತ್ತೆ ಬಟ್ಟೆ, ಅರ್ಧ ದಿನ ಹಾಳು ಎಂದರು ಸಾಹೇಬರು.

"ಗೇಟಿನಾಚೆ ಕಾಲಿಟ್ರೆ ನಾಳೆಯಿಂದ ಬರ್ಬೇಡ. ಅಷ್ಟು ಉಕ್ತಿದ್ರೆ ಹಿಂಡಿ ಮೋರಿಗೆ ಬಿಡು."

ಗುಮಾಸ್ತ ಕಿಸಕ್ಕನೆ ನಕ್ಕ.

ಅವಳು ಮೋರಿಯ ಪಕ್ಕ ಕೂತು ಹಿಂಡತೊಡಗಿದಳು. ಸೋಪಿನ ನೀರಿನೊಂದಿಗೆ ಹಾಲು ಹರಿದುಹೋಯಿತು. ಅಷ್ಟರಲ್ಲಿ ಕಾವಲುಗಾರ ಬಂದು, ಕೂಸು ಅತ್ತೂ ಅತ್ತೂ ಈಗ ಅಳುವುದನ್ನೇ ಬಿಟ್ಟಿದೆ ಎಂದ.

ಎದ್ದುಬಿದ್ದು ಓಡಿದಳು. ಗೇಟು ದಾಟಲಿಲ್ಲ. ಸರಳುಗಳ ಮೇಲಿಂದಲೇ ಕೈ ಚಾಚಿ ಅತ್ತೆಯಿಂದ ಕೂಸನ್ನು ಇಸಿದುಕೊಂಡಳು. ಸ್ನಾನವಿಲ್ಲ, ಮುಸುಕಿಲ್ಲ, ಬೀದಿಯ ಧೂಳಿನ ಸಮೇತ ಹೆತ್ತ ಇಲಿಗಳ ಕೋಣೆಗೇ ನುಗ್ಗಿ ಒಳಗಿಂದ ಅಗುಳಿ ಜಡಿದಳು. ತಂಪು ನೆಲದ ಮೇಲೆ ಕೂತು ಮೊಲೆ ಕೊಟ್ಟಳು. ಕೂಸು ಬಾಯಿ ತೆರೆಯಲಿಲ್ಲ. ತುಟಿಗೆ ನಾಲ್ಕು ಹನಿ ಬಿಟ್ಟ ಮೇಲೆ ಕಚ್ಚಿತು.

ಸಾಹೇಬರು ಗಾಜಿನ ಬಾಗಿಲನ್ನು ದಬದಬ ಬಡಿದರು. "ಬಾಗಿಲು ತೆಗಿಯೇ ಬೋಳಿ! ಇಡೀ ಕೋಣೆ ಕೆಡಿಸಿದ್ಯಲ್ಲೇ!"

"ಬಡೀಬೇಡ್ರಿ ಸಾಮಿ," ಎಂದಳು ಅವಳು ಮೆಲ್ಲಗೆ. "ಒಳಗೆ ಬಾಣಂತೀರು ಇದಾರೆ."

ಸಾಹೇಬರು ನಿಲ್ಲಿಸಲಿಲ್ಲ. ಮೂಲೆಯ ಗೂಡಿನಲ್ಲಿ ತಾಯಿ ಇಲಿಯೊಂದು ಗಡಗಡ ನಡುಗಿ, ತನ್ನ ಮರಿಯ ತಲೆಗೆ ಬಾಯಿ ಹಾಕಿತು. ಅವಳಿಗೆ ಅಯ್ಯೋ ಪಾಪ ಅನ್ನಿಸಿತು. ಮುಖ ತಿರುಗಿಸಿ, ಕೂಸನ್ನು ಇನ್ನೊಂದು ಮೊಲೆಗೆ ಹಾಕಿಕೊಂಡಳು.