ಹತ್ತೊಂಬತ್ತು ದಿನದ ಪಥ್ಯ

"ಗುಳಿಗಿ ಎಲ್ಲಾ ತಂದೀರಿಲ್ರಿ? ಖಾಲಿ ಆಗಿದ್ದು, ಉಳದಿದ್ದು, ಎಲ್ಲಾ ಟೇಬಲ್ ಮ್ಯಾಲ ಹರವಬೇಕು. ಈ ಡಾಕ್ಟ್ರು ಎಣಸಿ ನೋಡ್ತಾರ," ಎಂದು ಹೇಳಿ ನರ್ಸು ಮುಂದಿನ ಬೆಂಚಿಗೆ ದಾಟಿದಳು.

ಹುಲಗಮ್ಮ ತೊಡೆಯ ಮೇಲಿದ್ದ ಬಟ್ಟೆಚೀಲದ ಬಾಯಿಯನ್ನು ಇನ್ನೊಂದು ಸುತ್ತು ತಿರುವಿ ಹಿಡಿದಳು. ಚೀಲದಲ್ಲಿ ಗಂಡನ ನಾಲ್ಕು ಬಗೆಯ ಗುಳಿಗೆಗಳ ಪಟ್ಟಿಗಳಿದ್ದವು. ಒಂದೊಂದರಲ್ಲೂ ಹತ್ತೊಂಬತ್ತು ದಿನದ ಗುಳಿಗೆ ಒಡೆಯದೆ ಉಳಿದಿದ್ದವು. ಕೊಪ್ಪಳದ ಈ ಆಸ್ಪತ್ರೆಗೆ ಅವರು ಬರುತ್ತಿದ್ದುದು ಮೂರನೇ ಸಲ. ಹಿಂದಿನ ಡಾಕ್ಟರು ಮುಖ ನೋಡಿ, ಛಲೋ ಅದೀರಿ ಎಂದು ಕಳಿಸುತ್ತಿದ್ದರು. ಎಣಿಸುವ ಡಾಕ್ಟರು ಇರುತ್ತಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಪಕ್ಕದಲ್ಲಿ ಪಕ್ಕೀರಪ್ಪ ನಿಶ್ಚಿಂತೆಯಿಂದ ಕುಳಿತಿದ್ದ. ಯಲಬುರ್ಗಾದ ಕುರಿ ವ್ಯಾಪಾರಿ. ಬೆನ್ನಮೂಳೆಯ ಮೇಲೆ ಕೈಯಿಟ್ಟು ಕುರಿಯ ತೂಕ ಹೇಳುವವನು, ತುಟಿ ಬಿಡಿಸಿ ವಯಸ್ಸು ಹೇಳುವವನು. ಅಕ್ಷರ ಮಾತ್ರ ಅವನ ಕೈಗೆ ಸಿಕ್ಕಿರಲಿಲ್ಲ. ಬಸ್ಸಿನ ಬೋರ್ಡಿನಿಂದ ಹಿಡಿದು ಮದುವೆ ಕಾರ್ಡಿನವರೆಗೆ ಎಲ್ಲವನ್ನೂ ಮೂವತ್ತು ವರ್ಷದಿಂದ ಏಳನೇ ಇಯತ್ತೆ ಪಾಸಾದ ಹುಲಗಮ್ಮನೇ ಓದಿ ಹೇಳುತ್ತಿದ್ದಳು. ಐದು ತಿಂಗಳ ಹಿಂದೆ ಅವನ ಎದೆಗೆ ಹುಬ್ಬಳ್ಳಿಯಲ್ಲಿ ಸ್ಟೆಂಟ್ ಹಾಕಿದ್ದರು. ಅವನ ಬಾಯಲ್ಲಿ ಅದು ಸ್ಪ್ರಿಂಗ್.

ಎದುರು ಬೆಂಚಿನಲ್ಲಿ ಗಂಗಾವತಿಯ ಹಜರತಬೀ ತನ್ನ ಗಂಡನನ್ನು ಗೋಡೆಗೆ ಒರಗಿಸಿ ಕೂರಿಸಿಕೊಂಡಿದ್ದಳು. ಹೃದಯದ ಆಸ್ಪತ್ರೆಯಲ್ಲಿ ಪರಿಚಯವಾಗಲು ಹೊತ್ತು ಬೇಕಿಲ್ಲ, ಎಷ್ಟು ಸ್ಪ್ರಿಂಗ್ ಎಂದು ಕೇಳಿದರೆ ಸಾಕು. ಪಕ್ಕೀರಪ್ಪ ಆಗಲೇ ತನ್ನ ಊಟದ ವರ್ಣನೆಗೆ ಇಳಿದಿದ್ದ. ಮಾಂಸ ಮುಟ್ಟಿ ಐದು ತಿಂಗಳಾಯಿತು, ತುಪ್ಪ ಇಲ್ಲ, ಕರಿದದ್ದಿಲ್ಲ. ಬೆಳಿಗ್ಗೆ ಮೊಳಕೆ ಹೆಸರು, ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ, ಅಗಸೆಯ ಚಟ್ನಿಪುಡಿ, ಹಸಿ ಹಕ್ಕರಿಕೆ ಸೊಪ್ಪು. ಹೊಟ್ಟೆ ಕರಗಿದೆ, ದಮ್ಮು ಕಟ್ಟುವುದಿಲ್ಲ. ಕುರಿ ಸಂತೆಯಲ್ಲಿ ನಿಂತು ಗಿರಾಕಿಗಳಿಗೆ ಮಾಂಸ ಬಿಡಿ ಎಂದು ಬುದ್ಧಿ ಹೇಳಿ, ಜೊತೆಯ ವ್ಯಾಪಾರಿಗಳಿಂದ ಬೈಸಿಕೊಂಡದ್ದನ್ನೂ ಅವನು ಮುಚ್ಚಿಡಲಿಲ್ಲ.

"ಕುರಿ ಏನ್ ತಿಂತೈತಿ ಅದನ್ನ ನಾನೂ ತಿಂತೀನ್ರಿ ಈಗ. ಅದರ ಕೊಳ್ಳಾಗ ಹಗ್ಗ ಐತಿ, ನನಗ ಇಕಿ ಅದಾಳ," ಎಂದು ಹೆಂಡತಿಯತ್ತ ಗದ್ದ ಎತ್ತಿ ತೋರಿಸಿದ. "ಎಲ್ಲಾ ಇಕಿ ಕೈಗುಣ."

ಹಜರತಬೀ ನಗಲಿಲ್ಲ. ಮೋಸಂಬಿಯ ಸಿಪ್ಪೆ ಸುಲಿಯುತ್ತ ತನ್ನ ಕಥೆಯನ್ನು ಅಡುಗೆಯ ಸುದ್ದಿ ಹೇಳಿದಷ್ಟೇ ಸಲೀಸಾಗಿ ಹೇಳಿದಳು. ಮಗಳ ಬಾಣಂತನಕ್ಕೆ ರಾಯಚೂರಿಗೆ ಹೋದಾಗ ಗುಳಿಗೆಯ ಚೀಲ ಮನೆಯಲ್ಲೇ ಉಳಿಯಿತು. ಆಮೇಲೆ ತಂದರಾಯಿತು ಎಂದು ಗಂಡ ಸುಮ್ಮನಾದ. ಒಂಬತ್ತನೇ ದಿನ ಸ್ಪ್ರಿಂಗ್ ಮುಚ್ಚಿಕೊಂಡಿತು.

"ಎಂಟ ದಿನಕ್ಕನ್ರಿ?" ಹುಲಗಮ್ಮ ಕೇಳಿದಳು. ಅಷ್ಟು ಹೊತ್ತಿನಲ್ಲಿ ಅವಳು ಆಡಿದ ಮೊದಲ ಮಾತು ಅದು.

"ಎಂಟ ದಿನಕ್ಕವ್ವ. ರಕ್ತ ತೆಳು ಮಾಡೂ ಗುಳಿಗಿ ಬಿಟ್ಟಿದ್ದಕ್ಕ ಹಿಂಗ ಆತಂದ್ರು. ಈಗ ಅರ್ಧಾ ದಿಲ್ ಅಷ್ಟ ಕೆಲಸ ಮಾಡತೈತಿ. ಸಂಡಾಸಕ್ಕ ಹೋಗಬೇಕಂದ್ರೂ ನಾ ಹಿಡಕೋಬೇಕು." ಒಂದು ತೊಳೆ ಬಿಡಿಸಿ ಗಂಡನ ಬಾಯಿಗಿಟ್ಟಳು.

ಹುಲಗಮ್ಮ ಪಕ್ಕದಲ್ಲಿದ್ದ ಗಂಡನ ಎದೆಯನ್ನು ಓರೆಗಣ್ಣಿನಿಂದ ನೋಡಿದಳು. ಅಂಗಿಯ ಗುಂಡಿ ಏರಿ ಇಳಿಯುತ್ತಿತ್ತು. ಅದನ್ನೇ ನೋಡುತ್ತ ಕುಳಿತಳು.

ಅವಳೇನು ಅವನಿಗೆ ಕೇಡು ಬಯಸಿರಲಿಲ್ಲ. ಆಸ್ಪತ್ರೆಯಿಂದ ಬಿಡುವಾಗ ಊಟದ ಮೇಡಂ ಒಬ್ಬಾಕೆ ಕೈಗೆ ಒಂದು ಹಾಳೆ ಕೊಟ್ಟಿದ್ದಳು: ಮಾಂಸ ಬೇಡ, ಮೊಟ್ಟೆ ಬೇಡ, ಎಣ್ಣೆ ಉಪ್ಪು ಕಡಿಮೆ, ಸೊಪ್ಪು ಕಾಳು ಹೆಚ್ಚು. ಹುಲಗಮ್ಮ ಅದನ್ನು ನಾಲ್ಕು ಸಲ ಓದಿದಳು. ನಾಲ್ಕನೇ ಸಲಕ್ಕೆ ಅವಳಿಗೆ ಗುರುತು ಹತ್ತಿತು. ಇದು ಪಥ್ಯ. ಅವಳ ತಾಯಿ ಮಾರೆವ್ವ ಕುಷ್ಟಗಿ ಕಡೆಯ ಹಳ್ಳಿಯಲ್ಲಿ ಕಾಮಾಲೆಗೆ ಬೇರು ಕೊಡುತ್ತಿದ್ದವಳು. ಬೇರು ತಗೊಂಡವರಿಗೆ ಪಥ್ಯ ಹೇಳಿಕೊಡುವ ಕೆಲಸ ಚಿಕ್ಕ ಹುಲಗಮ್ಮನದು. ಅದನ್ನು ಅವಳು ಶಾಲೆಯ ಮಗ್ಗಿಗಿಂತ ಚೆನ್ನಾಗಿ ಒಪ್ಪಿಸುತ್ತಿದ್ದಳು. ಪಥ್ಯದ ಕೊನೆಯ ಕಟ್ಟಳೆ ಒಂದಿತ್ತು: ಇಂಗ್ಲಿಷ್ ಗುಳಿಗೆ ಮುಟ್ಟಬಾರದು, ಮುಟ್ಟಿದರೆ ಎರಡೂ ಕೂಡಿ ಮನುಷ್ಯನನ್ನು ತಿಂದುಹಾಕುತ್ತವೆ. ಊಟದ ಮೇಡಂ ಕೊಟ್ಟ ಹಾಳೆಯಲ್ಲಿ ಗುಳಿಗೆಯ ಸುದ್ದಿಯೇ ಇರಲಿಲ್ಲ. ಬೇಕಾಗಿದ್ದರೆ ಬರೆಯುತ್ತಿರಲಿಲ್ಲವೇ?

ಆದರೂ ಅವಳು ನಾಲ್ಕು ತಿಂಗಳು ಪಥ್ಯ, ಗುಳಿಗೆ ಎರಡನ್ನೂ ನಡೆಸಿದಳು. ಆಮೇಲೆ ಅವನ ತೋಳಿನ ಮೇಲೆ ಪೆಟ್ಟಿಲ್ಲದೆ ನೀಲಿ ಕಲೆಗಳೆದ್ದವು. ಹಲ್ಲುಜ್ಜಿದರೆ ರಕ್ತ. ಅವಳ ಕಣ್ಣಿಗೆ ಅದು ಒಳಗಿನ ಜಗಳದ ಗುರುತಾಗಿ ಕಂಡಿತು. ಅದೇ ವಾರ ಮಹಿಳಾ ಸಂಘದ ಫಕೀರಮ್ಮ ಒಂದು ಡಬ್ಬಿ ತಂದುಕೊಟ್ಟಳು. ಅಗಸೆ ಎಣ್ಣೆ, ಬೆಳ್ಳುಳ್ಳಿ, ಮತ್ತಿ ಮರದ ಚಕ್ಕೆ, ಎಲ್ಲವೂ ಕ್ಯಾಪ್ಸೂಲಿನಲ್ಲಿ. ಗಿಡಮೂಲಿಕೆ, ಎದೆಗೆ ಒಳ್ಳೆಯದು, ಅಡ್ಡಪರಿಣಾಮ ಇಲ್ಲ. ಪಥ್ಯಕ್ಕೆ ತಕ್ಕ ಔಷಧ ಮನೆ ಬಾಗಿಲಿಗೇ ಬಂದಂತಾಯಿತು. ಅಂದಿನಿಂದ ಗುಳಿಗೆಯ ಜಾಗದಲ್ಲಿ ಕ್ಯಾಪ್ಸೂಲು. ಬಣ್ಣ ಯಾಕೆ ಬೇರೆ ಎಂದು ಪಕ್ಕೀರಪ್ಪ ಒಮ್ಮೆ ಕೇಳಿದ್ದ. ಕಂಪನಿ ಬದಲಾಗಿದೆ ಎಂದಳು. ಅವನು ನುಂಗಿದ. ನೀಲಿ ಕಲೆಗಳು ಹೋದವು. ತಾಯಿ ಸತ್ತು ಹನ್ನೊಂದು ವರ್ಷದ ಮೇಲೂ ಅವಳ ಮಾತು ನಿಜವಾಯಿತಲ್ಲ ಎಂದು ಹುಲಗಮ್ಮ ಒಳಗೊಳಗೇ ಹಿಗ್ಗಿದ್ದಳು.

ಈಗ ತನ್ನ ಹತ್ತೊಂಬತ್ತು ದಿನವನ್ನು ಹಜರತಬೀಯ ಎಂಟು ದಿನದ ಪಕ್ಕಕ್ಕಿಟ್ಟು ನೋಡಿದಳು.

"ಬಂದೆ," ಎಂದು ಅವಳು ಚೀಲದ ಸಮೇತ ಎದ್ದಳು.

ಹೆಂಗಸರ ಸಂಡಾಸಿನ ಚಿಲಕ ಸರಿಯಾಗಿ ಬೀಳುತ್ತಿರಲಿಲ್ಲ. ಒಂದು ಕಾಲನ್ನು ಬಾಗಿಲಿಗೆ ಆನಿಸಿ, ಪಟ್ಟಿಗಳನ್ನು ಹೊರತೆಗೆದು ಗುಳಿಗೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತತೊಡಗಿದಳು. ಲೆಕ್ಕಕ್ಕೆ ಎಪ್ಪತ್ತಾರು. ಪಟ್ ಪಟ್ ಎಂಬ ಸದ್ದು ಆ ಸಣ್ಣ ಕೋಣೆಯಲ್ಲಿ ಹುರಿಯುವ ಕಡಲೆ ಸಿಡಿದಂತೆ ಕೇಳಿ, ಹೊರಗಿನವರಿಗೂ ಕೇಳುತ್ತದೆಂದು ನಲ್ಲಿ ತಿರುವಿದಳು. ಮೂವತ್ತರ ಹೊತ್ತಿಗೆ ಉಗುರಿನ ಸಂದು ಉರಿಯಿತು. ಐವತ್ತರ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ಇವತ್ತೊಂದು ದಿನ ದಾಟಿದರೆ ಸಾಕು, ಸಂಜೆಯಿಂದಲೇ ಎಲ್ಲಾ ಗುಳಿಗೆ ಶುರು ಮಾಡುತ್ತೇನೆ, ಯಾರಿಗೂ ಗೊತ್ತಾಗುವುದು ಬೇಡ ಎಂದು ತನಗೆ ತಾನೇ ಹೇಳಿಕೊಂಡಳು. ಎಪ್ಪತ್ತಾರನ್ನೂ ಮುಗಿಸಿ ಎರಡು ಬಕೆಟ್ ನೀರು ಸುರಿದಳು. ಒಂದು ಬಿಳಿ ಗುಳಿಗೆ ಮಾತ್ರ ಹೋಗಲೊಲ್ಲದೆ ತಿರುಗುತ್ತ ನಿಂತಿತು. ಮೂರನೇ ಬಕೆಟ್ಟಿಗೆ ಅದೂ ಹೋಯಿತು.

ಡಾಕ್ಟರ್ ಬಸವಕುಮಾರ ಚಿಕ್ಕ ವಯಸ್ಸಿನವರು. ಮಾತು ಕಡಿಮೆ, ಕಣ್ಣು ಹೆಚ್ಚು. ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿ, ತಾರೀಖಿನ ಲೆಕ್ಕ ಹಾಕಿ, ಒಂದೂ ತಪ್ಪಿಲ್ಲ ಎಂದರು. ಹುಲಗಮ್ಮ ಉಸಿರು ಬಿಟ್ಟಳು. ಅವರು ಇಸಿಜಿಯ ಕಾಗದವನ್ನು ಎಳೆದುಕೊಂಡರು. ಬಿಪಿಯನ್ನು ಒಮ್ಮೆ ನೋಡಿ, ಮತ್ತೊಮ್ಮೆ ತಾವೇ ತೋಳಿಗೆ ಪಟ್ಟಿ ಸುತ್ತಿ ನೋಡಿದರು. ಮುಖ ಬದಲಾಯಿತು.

ಊಟದ ಬಗ್ಗೆ ಕೇಳಿದರು. ಪಕ್ಕೀರಪ್ಪ ಹಕ್ಕರಿಕೆಯವರೆಗೂ ಹೇಳಿದ. ಊಟ ಬಹಳ ಚೆನ್ನಾಗಿದೆ, ರಕ್ತದ ಕೊಬ್ಬೂ ಅಷ್ಟೇನಿಲ್ಲ ಎಂದ ಡಾಕ್ಟರು ಕಾಗದದ ಮೇಲೆ ಪೆನ್ನು ಕುಟ್ಟುತ್ತ ಕುಳಿತರು.

"ಇಷ್ಟ್ ಕಟ್ಟುನಿಟ್ಟಾಗಿ ಗುಳಿಗಿ ತಗೊಂಡೂ ಬಿಪಿ ನೂರಾ ಎಂಬತ್ತು ಐತಂದ್ರ, ಈ ಗುಳಿಗಿ ಇವರಿಗೆ ಹತ್ತಾಕತ್ತಿಲ್ಲ. ಇಸಿಜಿಯೊಳಗೂ ಒಂದ್ ಸಣ್ಣ ಫರಕ್ ಕಾಣಸ್ತೈತಿ. ಗುಳಿಗಿ ಡಬಲ್ ಮಾಡೋಣು. ಇವತ್ತ ಹುಬ್ಬಳ್ಳಿಗೆ ಕಳಸ್ತೀನಿ, ಮತ್ತೊಮ್ಮೆ ಒಳಗ ವೈರ್ ಹಾಕಿ ನೋಡಬೇಕಾಕ್ಕೈತಿ." ಪೆನ್ನು ಬಿಚ್ಚಿದರು. ಆಮೇಲೆ ರೂಢಿಯಂತೆ ಕೇಳಿದರು: "ಒಂದ್ ದಿನಾನೂ ತಪ್ಪಿಸಿಲ್ಲಲ್ರಿ?"

"ಇಕಿ ಕೈಯಾಗ ತಪ್ಪೂದಿಲ್ರಿ ಸಾಹೇಬ್ರ," ಎಂದ ಪಕ್ಕೀರಪ್ಪ. ಎದೆಗೆ ಮತ್ತೆ ವೈರು ಎಂದು ಕೇಳಿದ್ದೇ ಅವನ ದನಿ ಇಳಿದಿತ್ತು. ಆದರೂ ಹೆಂಡತಿಯ ಪರವಾಗಿ ಅದು ಗಟ್ಟಿಯಾಗಿಯೇ ಬಂತು. "ನಾ ಮರತ್ರೂ ಇಕಿ ಮರಿಯಾಕಿ ಅಲ್ಲ. ಬರಕೋರಿ ನೀವು."

ಪೆನ್ನು ಕಾಗದಕ್ಕೆ ತಾಗಿತು.

"ಅವು ಇವರ ಹೊಟ್ಟಿಗೆ ಹೋಗಿಲ್ರಿ," ಎಂದಳು ಹುಲಗಮ್ಮ.

ಡಾಕ್ಟರು ತಲೆ ಎತ್ತಿದರು. ಪಟ್ಟಿಗಳನ್ನು ನೋಡಿದರು, ಅವಳನ್ನು ನೋಡಿದರು.

"ಮತ್ತ ಎಲ್ಲಿಗೆ ಹೋದುವ್ರಿ?"

"ಈಗ ಅರ್ಧಾ ತಾಸಿನ ಹಿಂದ ಸಂಡಾಸದಾಗ ಹಾಕಿ ಬಂದೀನ್ರಿ. ಹತ್ತೊಂಬತ್ತ ದಿನ ಆತು, ನಾ ಕೊಟ್ಟಿಲ್ಲ." ಚೀಲದಿಂದ ಕ್ಯಾಪ್ಸೂಲಿನ ಡಬ್ಬಿ ತೆಗೆದು ಖಾಲಿ ಪಟ್ಟಿಗಳ ಪಕ್ಕಕ್ಕಿಟ್ಟಳು. "ಪಥ್ಯದಾಗ ಇಂಗ್ಲಿಷ್ ಗುಳಿಗಿ ಬ್ಯಾಡಂತ ನಮ್ಮವ್ವ ಹೇಳ್ತಿದ್ಲು. ಅದಕ್ಕ ಇವನ್ನ ಕೊಟ್ಟೆ."

ಬೈಗುಳ ಬರುತ್ತದೆಂದು ಅವಳು ಕಾದಳು. ಬೈಯಲು ಡಾಕ್ಟರಿಗೆ ಪುರುಸೊತ್ತಿರಲಿಲ್ಲ. ನರ್ಸನ್ನು ಕರೆದು, ಎರಡು ಬಗೆಯ ಗುಳಿಗೆ ತರಿಸಿ ಅಲ್ಲೇ ಪಕ್ಕೀರಪ್ಪನಿಂದ ಅಗಿಸಿ ನುಂಗಿಸಿದರು. ಮಂಚದ ಮೇಲೆ ಮಲಗಿಸಿ ಮತ್ತೊಮ್ಮೆ ಇಸಿಜಿ ತೆಗೆದರು. ಅವನು ಹೇಳಿದಂತೆ ಕೇಳಿದ. ಎದೆಗೆ ತಂತಿ ಹಚ್ಚಿಸಿಕೊಂಡು ಮಲಗಿದ್ದವನು ಸೂರಿನ ಫ್ಯಾನನ್ನು ನೋಡುತ್ತಲೇ ಕೇಳಿದ:

"ನನಗೊಂದ್ ಮಾತ್ ಹೇಳಬೇಕನಸಲಿಲ್ಲನು?"

"ಹೇಳಿದ್ರ ನೀವು ಹೂಂ ಅಂತಿದ್ರಿ," ಎಂದಳು ಅವಳು.

ಅದು ನಿಜವೆಂದು ಇಬ್ಬರಿಗೂ ಗೊತ್ತಿತ್ತು.

ಎರಡನೇ ಕಾಗದ ಮೊದಲಿನದಕ್ಕಿಂತ ಕೆಟ್ಟಿರಲಿಲ್ಲ. ಮೂರು ತಾಸು ಕೂರಿಸಿಕೊಂಡ ಮೇಲೆ ಬಿಪಿ ಇಳಿಯಿತು. ರಕ್ತದ ಪರೀಕ್ಷೆಯಲ್ಲೂ ಕೇಡೇನೂ ಕಾಣಲಿಲ್ಲ. ಹುಬ್ಬಳ್ಳಿ ಸದ್ಯಕ್ಕೆ ಬೇಡ, ಎಂಟು ದಿನಕ್ಕೆ ಮತ್ತೆ ಬನ್ನಿ, ಎದೆ ಹಿಡಿದರೆ ಆ ಕ್ಷಣವೇ ಬನ್ನಿ ಎಂದರು ಡಾಕ್ಟರು. ಡಬ್ಬಿಯನ್ನು ತಮ್ಮ ಕಪಾಟಿನಲ್ಲಿಟ್ಟುಕೊಂಡರು. ಅದರ ಬೆಳ್ಳುಳ್ಳಿಯೂ ರಕ್ತ ತೆಳು ಮಾಡುವಂಥದ್ದು, ಗುಳಿಗೆಯ ಜೊತೆ ಕೂಡಿದರೆ ಅತಿಯಾಗುತ್ತದೆ ಎಂದು ವಿವರಿಸಿದರು. ಗುಳಿಗೆಯಿಂದ ರಕ್ತ ಅತಿ ತೆಳುವಾಗಿ ನೀಲಿ ಕಲೆ ಎದ್ದರೆ ಬಂದು ತೋರಿಸಬೇಕು, ತಾವೇ ನಿಲ್ಲಿಸಬಾರದು. ಕೊನೆಗೆ ಹುಲಗಮ್ಮನತ್ತ ತಿರುಗಿದರು.

"ನೀವು ಮಾಡಿ ಹಾಕೂದು ಊಟ ಅವ್ವಾರ, ಪಥ್ಯ ಅಲ್ಲ. ಅದನ್ನ ಬಿಡಬ್ಯಾಡ್ರಿ. ಅದರ ಜೋಡಿ ಗುಳಿಗಿ ಜಗಳಾ ತಗಿಯೂದಿಲ್ಲ."

ಅವಳು ತಲೆಯಾಡಿಸಿದಳು. ಔಷಧದ ಅಂಗಡಿಯವನು ಗುಳಿಗೆಯ ಪೊಟ್ಟಣವನ್ನು ಅವಳ ಕಡೆಗೇ ಚಾಚಿದ್ದ. ನಡುವೆ ಪಕ್ಕೀರಪ್ಪನ ಕೈ ಬಂದು ಅದನ್ನು ತಗೊಂಡಿತು.

ಯಲಬುರ್ಗಾದ ಬಸ್ಸಿನಲ್ಲಿ ಎಂದಿನಂತೆ ಅವಳಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟ. ಕಂಡಕ್ಟರು ಅವಳ ಆಧಾರ್ ನೋಡಿ ಸೊನ್ನೆಯ ಟಿಕೆಟ್ ಹರಿದುಕೊಟ್ಟ. ಇವನು ತನ್ನದನ್ನು ತಗೊಂಡ. ಭಾನಾಪುರ ದಾಟಿತು. ಎದೆ ಹೇಗಿದೆ ಎಂದು ಎರಡು ಸಲ ಕೇಳಿದಳು. ಎರಡು ಸಲವೂ, ಐತಿ, ಎಂದ.

ಕುಕನೂರಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಹತ್ತಿ ಆಚೆ ಸೀಟಿನಲ್ಲಿ ಕುಳಿತಳು. ಅವಳ ತೊಡೆಯ ಮೇಲಿನ ದಪ್ಪ ಪುಸ್ತಕವನ್ನು ಪಕ್ಕೀರಪ್ಪ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಪೊಟ್ಟಣ ಬಿಚ್ಚಿ, ಅದರೊಳಗಿನ ಚೀಟಿಯನ್ನೂ ಒಂದು ಪಟ್ಟಿಯನ್ನೂ ಅವಳ ಕಡೆ ಚಾಚಿದ.

"ತಂಗಿ, ಇದನ್ನ ಯಾವಾಗ ತಗೋಬೇಕಂತ ಬರದಾರ, ಸ್ವಲ್ಪ ಓದಿ ಹೇಳವ್ವ."

ಹುಡುಗಿ ಹೆಸರು ಹೊಂದಿಸಿ ನೋಡಿ, ಬೆಳಿಗ್ಗೆ ಒಂದು, ತಿಂಡಿಯಾದ ಮೇಲೆ ಎಂದಳು. ಅವನು ಪಟ್ಟಿಯನ್ನು ಹಿಂದಕ್ಕೆ ತಗೊಂಡು, ಕುರಿಯ ಕಿವಿಗೆ ಗುರುತು ಹಾಕುವ ಹಾಗೆ, ಅದರ ಒಂದು ಮೂಲೆಯನ್ನು ಉಗುರಿನಿಂದ ಕತ್ತರಿಸಿದ. ಎರಡನೆಯದು ರಾತ್ರಿ. ಅದಕ್ಕೆ ಎರಡು ಮೂಲೆ. ಮೂರನೆಯದನ್ನು ಕೊಡುವಾಗ ಹುಡುಗಿ ಕನಿಕರದಿಂದ ಕೇಳಿದಳು:

"ಮನ್ಯಾಗ ಓದಾಕ ಬರೋರು ಯಾರೂ ಇಲ್ಲೇನ್ರಿ ಕಾಕಾ?"

ಪಕ್ಕೀರಪ್ಪ ಕತ್ತು ತಿರುಗಿಸಲಿಲ್ಲ.

"ಅದಾರವ್ವ," ಎಂದ. "ನೀ ಓದು."

ಹುಡುಗಿ ಓದಿದಳು. ಹುಲಗಮ್ಮ ಕಿಟಕಿಯ ಕಡೆ ಮುಖ ಮಾಡಿಯೇ ಇದ್ದಳು. ಹೊರಗೆ ಎರೆಹೊಲ ಹಿಂದಕ್ಕೆ ಸರಿಯುತ್ತಿತ್ತು. ಅವಳ ತುಟಿ ಮಾತ್ರ, ಸದ್ದಿಲ್ಲದೆ, ಹುಡುಗಿಯ ಜೊತೆಗೇ ಆ ಹೆಸರುಗಳನ್ನು ಹೇಳುತ್ತಿತ್ತು. ಪಕ್ಕದಲ್ಲಿ ಅವನು ಕತ್ತರಿಸಿದ ಬೆಳ್ಳಿ ಬಣ್ಣದ ಚೂರೊಂದು ಗಾಳಿಗೆ ಹಾರಿ ಅವಳ ಸೀರೆಯ ಮೇಲೆ ಬಿತ್ತು. ಅವಳು ಅದನ್ನು ಕೊಡವಲಿಲ್ಲ.