ಬಕೆಟ್ ನೀರಿನ ಬಿಲ್ಲೆ

ಬೆಳಕಿಗೆ ಹಿಡಿದ ಗಾಜಿನ ತಟ್ಟೆಯನ್ನು ನೋಡುತ್ತಲೇ ಸಂಶೋಧಕಿಯ ಕಣ್ಣರಳಿತು. ತಟ್ಟೆಯ ತುಂಬ ಬ್ಯಾಕ್ಟೀರಿಯಾ ಮಬ್ಬಾಗಿ ಬೆಳೆದಿತ್ತು. ನಡುವೆ, ಸ್ಪಂಜು ಎಂಬ ಸಮುದ್ರಜೀವಿಯ ಸಾರ ಹೀರಿದ್ದ ಕಾಗದದ ಬಿಲ್ಲೆಯ ಸುತ್ತ ತಿಳಿಯಾದ ಉಂಗುರ. ಅಷ್ಟು ಜಾಗದಲ್ಲಿ ಒಂದೂ ಬೆಳೆದಿರಲಿಲ್ಲ; ಸಾರ ಕ್ರಿಮಿಗಳನ್ನು ಕೊಂದಿರಬೇಕು. ಅಳತೆಪಟ್ಟಿ ಇಟ್ಟಳು: ಹದಿನೆಂಟು ಮಿಲಿಮೀಟರ್. ಎರಡು ವರ್ಷಗಳಲ್ಲಿ ಇಪ್ಪತ್ತಾರು ಸಾರಗಳು ಕೈಕೊಟ್ಟ ಮೇಲೆ ಇದೊಂದು ಅವಳ ಮಾನ ಉಳಿಸಿತ್ತು.

"ಮಧ್ಯಾಹ್ನದೊಳಗೆ ಅಂಕಿ ಕೊಡಮ್ಮ. ಸಮ್ಮೇಳನಕ್ಕೆ ಕಳಿಸೋಕೆ ಇವತ್ತೇ ಕಡೇ ದಿನ," ಎಂದು ಮಾರ್ಗದರ್ಶಕರು ಬಾಗಿಲಲ್ಲೇ ಹೇಳಿ ಹೋದರು.

ಆಗ ಅಂಚಿನಲ್ಲಿದ್ದ ಇನ್ನೊಂದು ಬಿಲ್ಲೆ ಕಣ್ಣಿಗೆ ಬಿತ್ತು. ಸ್ಪಂಜು ಬಂದ ಬಕೆಟ್ಟಿನ ನೀರನ್ನೂ ಒಂದು ಬಿಲ್ಲೆಗೆ ಹಾಕಿ ಪರೀಕ್ಷಿಸುವುದು ಅವಳ ರೂಢಿ. ಜೊತೆಯವರು ಅದನ್ನು 'ಅಜ್ಜಿಯ ಅನುಮಾನ' ಎಂದು ಗೇಲಿ ಮಾಡುತ್ತಿದ್ದರು. ಆ ಬಿಲ್ಲೆಯ ಸುತ್ತ ಕೂಡ ಅಂಥದೇ ಉಂಗುರವಿತ್ತು.

ಸ್ಪಂಜು ತಂದುಕೊಟ್ಟವರು ಸಮುದ್ರದಲ್ಲಿ ಮುಳುಗುವ ಕೆಲಸದ ಸೋದರಮಾವ. ಅವರಿಗೆ ಫೋನ್ ಮಾಡಿದಳು.

"ಮಾವ, ಬಕೆಟ್ಟಿಗೆ ಏನಾದ್ರೂ ಹಾಕಿದ್ರಾ?"

"ಸಮುದ್ರದ ನೀರೇ ಕಣೇ. ಮೇಲೆ ಎರಡು ಮುಚ್ಚಳ ಫಿನಾಯಿಲ್. ನಾತ ಹೊಡೆದ್ರೆ ಬಸ್ಸಿನವರು ನನ್ನನ್ನೇ ಇಳಿಸಿಬಿಡ್ತಾರೆ!"

"ಅಯ್ಯೋ! ಹಾಗಾದ್ರೆ ಕ್ರಿಮಿ ಕೊಂದಿದ್ದು ಸ್ಪಂಜಲ್ಲ, ನೀವು!"

"ಇಬ್ಬರಲ್ಲಿ ಯಾರೋ ಒಬ್ಬರು ಕೊಂದ್ವಲ್ಲ, ಬಿಡು."

ಪ್ರಯೋಗಾಲಯದ ನೆಲವನ್ನೂ ದಿನಾ ಫಿನಾಯಿಲಿನಿಂದಲೇ ಒರೆಸುತ್ತಿದ್ದುದರಿಂದ ಆ ವಾಸನೆ ಅವಳ ಮೂಗಿಗೆ ಬೇರೆಯಾಗಿ ಗೊತ್ತಾಗಿರಲೇ ಇಲ್ಲ.

ಬಕೆಟ್ ಬಿಲ್ಲೆಯ ಒಂದು ಸಾಲನ್ನು ವರದಿಯಲ್ಲಿ ಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ. ಅವಳು ಪೆನ್ನು ಮುಚ್ಚಿಟ್ಟಳು. ಆಮೇಲೆ ತಟ್ಟೆಯನ್ನೇ ಎತ್ತಿಕೊಂಡು ಮಾರ್ಗದರ್ಶಕರ ಕೋಣೆಗೆ ನಡೆದಳು.

ಫಿನಾಯಿಲಿನ ಕಥೆ ಕೇಳಿ ಅವರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಈ ಬಿಲ್ಲೆ ಇಡು ಅಂತ ನಾನು ಹೇಳಿರಲಿಲ್ಲ."

"ಇಲ್ಲ ಸರ್."

"ಈ ವರ್ಷದ ಸಮ್ಮೇಳನ ತಪ್ಪಿತು," ಎಂದು ಕನ್ನಡಕ ತೆಗೆದಿಟ್ಟರು. "ನಿಮ್ಮ ಮಾವನಿಗೆ ಇನ್ನೊಂದು ಸಲ ಮುಳುಗೋಕೆ ಹೇಳು."

ಮುಂದಿನ ವಾರ ಮಾವ ಬರಿಯ ಸಮುದ್ರದ ನೀರಿನಲ್ಲಿ ಸ್ಪಂಜು ತಂದರು. ಬಸ್ಸಿನ ಹಿಂದಿನ ಸಾಲು ಪೂರ್ತಿ ತಮಗೇ ಸಿಕ್ಕಿತೆಂದು ಹೇಳಿಕೊಂಡರು. ಆ ಸ್ಪಂಜಿನ ಸಾರವಿಟ್ಟ ತಟ್ಟೆಯನ್ನು ನೋಡುವ ದಿನ ತಾವೇ ಬಂದು ನಿಂತರು.

ಬಕೆಟ್ ನೀರಿನ ಬಿಲ್ಲೆಯ ಸುತ್ತ ಯಾವ ಉಂಗುರವೂ ಇರಲಿಲ್ಲ. ಸಾರದ ಬಿಲ್ಲೆಯ ಸುತ್ತ ಸಣ್ಣದೊಂದು ಉಂಗುರ. ಅವಳು ಎರಡು ಸಲ ಅಳೆದಳು.

ಮಾವ ಬಗ್ಗಿ ನೋಡಿದರು. "ಇಷ್ಟೇನಾ? ನನ್ನದೇ ದೊಡ್ಡದಿತ್ತು."

"ಹೌದು ಮಾವ, ನಿಮ್ಮದೇ ದೊಡ್ಡದು," ಎಂದು ನಗುತ್ತ ಅವಳು ಪುಸ್ತಕದಲ್ಲಿ ಬರೆದಳು: ಒಂಬತ್ತು ಮಿಲಿಮೀಟರ್.